ತೆಂಗಿನ ಕಪ್ಪುತಲೆ ಹುಳುವಿಗೆ ಕಣಜವೇ ಕಾವಲು



ರಾಗಿ ಕೈಕೊಟ್ಟರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ತೆಂಗಿನ ಮಾತು ಹಾಗಲ್ಲ. ಇಂದು ಮರದ ಗರಿ ಕೆಟ್ಟರೆ ಅದರ ಪೆಟ್ಟು ಬರುವ ವರ್ಷದ ಕಾಯಿಗೆ, ಅದರಾಚೆಯ ವರ್ಷದ ಕಾಯಿಗೂ ತಗಲುತ್ತದೆ. ಆದ್ದರಿಂದಲೇ ತೆಂಗಿನ ಗರಿಯನ್ನು ಕಾಯುವುದೆಂದರೆ ಮನೆಯ ಮೂರು ನಾಲ್ಕು ವರ್ಷದ ವರಮಾನವನ್ನು ಕಾಯ್ದಂತೆ.

ಮೈಸೂರು, ಮಂಡ್ಯ, ಹಾಸನ, ತುಮಕೂರು, ಚಾಮರಾಜನಗರ ಜಿಲ್ಲೆಗಳ ತೆಂಗಿನ ತೋಟಗಳಲ್ಲಿ ಬೇಸಿಗೆಯ ದಿನಗಳಲ್ಲಿ ನೀವು ಒಂದು ನೋಟವನ್ನು ಕಂಡಿರಬಹುದು. ದೂರದಿಂದ ನೋಡಿದರೆ ಮರಗಳಿಗೆ ಯಾರೋ ಬೆಂಕಿಯ ಝಳ ಹಿಡಿದಂತೆ ಕೆಳಗಿನ ಗರಿಗಳೆಲ್ಲ ಕಂದಿ ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಸುಳಿಯ ಸುತ್ತಲಿನ ನಾಲ್ಕೈದು ಗರಿಗಳು ಮಾತ್ರ ಹಸಿರಾಗಿ ನಿಂತಿರುತ್ತವೆ. ಇದನ್ನು ನೀರಿನ ಕೊರತೆ ಎಂದು ಭಾವಿಸಿ ಸುಮ್ಮನಿರುವವರು ಹಲವರು. ಹಾಗೆ ಸುಮ್ಮನಾಗುವ ಮೊದಲು ಒಂದು ಗರಿಯನ್ನು ಇಳಿಸಿ ಎಲೆಯ ಕೆಳಭಾಗವನ್ನು ತಿರುಗಿಸಿ ನೋಡಿರಿ. ಅಲ್ಲಿ ನೂಲು ಮತ್ತು ಹಿಕ್ಕೆಯಿಂದ ಕಟ್ಟಿದ ಉದ್ದನೆಯ ಗೂಡಿನ ಸಾಲು ಕಂಡರೆ ಅದು ಬರದ ಕೆಲಸವಲ್ಲ, ಕಪ್ಪುತಲೆ ಹುಳುವಿನ ಕೆಲಸ. ಈ ಹುಳುವನ್ನು ಹದ್ದಿನಲ್ಲಿಡಲು ಇರುವ ಉತ್ತಮ ಉಪಾಯವೆಂದರೆ ಅದರ ಸಹಜ ಶತ್ರುಗಳಾದ ಪರೋಪಜೀವಿ ಕಣಜಗಳನ್ನು ತೋಟಕ್ಕೆ ಬಿಡುವುದು. ಇದನ್ನು ಹೇಗೆ, ಯಾವಾಗ, ಎಷ್ಟು ಪ್ರಮಾಣದಲ್ಲಿ ಮಾಡಬೇಕು ಮತ್ತು ಹಾಗೆಯೇ ಏಕೆ ಮಾಡಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಾನಿಯ ಸ್ವರೂಪ

ಈ ಹುಳುವಿನ ಶಾಸ್ತ್ರೀಯ ಹೆಸರು ಓಪಿಸಿನಾ ಅರೆನೊಸೆಲ್ಲ. ಹಳೆಯ ಪುಸ್ತಕಗಳಲ್ಲಿ ಇದನ್ನೇ ನೆಫಾಂಟಿಸ್ ಸೆರಿನೋಪ ಎಂದು ಕರೆದಿದ್ದಾರೆ. ಹುಳು ಎಲೆಯ ಅಡಿಯಲ್ಲಿ ಗೂಡು ಕಟ್ಟಿಕೊಂಡು ಅದರೊಳಗೆ ಅವಿತು ಹಸಿರು ಭಾಗವನ್ನು ಕೆರೆದು ತಿನ್ನುತ್ತದೆ. ಮೇಲಿನ ತೆಳುಪೊರೆ ಮಾತ್ರ ಉಳಿಯುತ್ತದೆ. ಉಳಿದ ಪೊರೆ ಒಣಗಿ ಕಂದು ಮಚ್ಚೆಯಾಗುತ್ತದೆ, ಮಚ್ಚೆಗಳು ಕೂಡಿ ಎಲೆಯೇ ಒಣಗುತ್ತದೆ. ಬಾಧೆ ಯಾವಾಗಲೂ ಕೆಳಗಿನ ಹಳೆಯ ಗರಿಗಳಲ್ಲಿ ಮೊದಲಾಗಿ ಮೇಲಕ್ಕೆ ಏರುತ್ತದೆ.

ಗರಿಯು ಮರದ ಅಡಿಗೆಮನೆ. ಬಿಸಿಲನ್ನು ಹಿಡಿದು ಆಹಾರ ತಯಾರಿಸುವ ಕೆಲಸ ಅಲ್ಲೇ ನಡೆಯುತ್ತದೆ. ಹಸಿರು ಹೋದರೆ ಆಹಾರ ಇಲ್ಲ, ಆಹಾರವಿಲ್ಲದಿದ್ದರೆ ಹೊಂಬಾಳೆ ಸಣ್ಣದಾಗುತ್ತದೆ, ಹರಳು ಉದುರುತ್ತದೆ, ಉಳಿದ ಕಾಯಿಯೂ ಚಿಕ್ಕದಾಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಳೆದು ನೋಡಿದಾಗ, ತೀವ್ರ ಬಾಧೆಗೆ ಒಳಗಾದ ಮರಗಳಲ್ಲಿ ಮರುವರ್ಷದ ಇಳುವರಿ ಶೇಕಡಾ 45ರಷ್ಟು ಕುಸಿದದ್ದು ಕಂಡುಬಂದಿದೆ. ಈ ಲೆಕ್ಕವನ್ನು ನಿಮ್ಮ ತೋಟಕ್ಕೆ ಹೊಂದಿಸಿ ನೋಡಿ. ಮರವೊಂದಕ್ಕೆ ವರ್ಷಕ್ಕೆ 80 ಕಾಯಿ ಬರುತ್ತಿದ್ದರೆ 36 ಕಾಯಿ ನಷ್ಟ. 100 ಮರಗಳಿದ್ದರೆ ವರ್ಷಕ್ಕೆ 3600 ಕಾಯಿ. ಸೋಗೆಯೂ ಚಪ್ಪರಕ್ಕೆ, ಹೆಣಿಗೆಗೆ ಬಾರದು.

ನಷ್ಟ ಒಂದು ವರ್ಷಕ್ಕೆ ನಿಲ್ಲುವುದಿಲ್ಲವೇಕೆ ಎಂಬುದನ್ನೂ ತಿಳಿಯಬೇಕು. ನೀವು ಇಂದು ಕಾಣುವ ಹೊಂಬಾಳೆಯ ಮೊಳಕೆ ಸುಳಿಯೊಳಗೆ ಹುಟ್ಟಿದ್ದು ಎರಡೂವರೆ ವರ್ಷಕ್ಕೂ ಹಿಂದೆ. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಮತ್ತೆ ಹನ್ನೊಂದು ಹನ್ನೆರಡು ತಿಂಗಳು ಬೇಕು. ಹೀಗೆ ಇಂದಿನ ಹಸಿವು ಮುಂದಿನ ಮೂರು ನಾಲ್ಕು ವರ್ಷಗಳ ಫಸಲಿನಲ್ಲಿ ತಲೆದೋರುತ್ತದೆ. ಮರವು ತಿಂಗಳಿಗೆ ಹೆಚ್ಚು ಕಡಿಮೆ ಒಂದು ಹೊಸ ಗರಿಯನ್ನಷ್ಟೇ ಬಿಡುತ್ತದೆ. ಮೂವತ್ತಕ್ಕೂ ಹೆಚ್ಚು ಗರಿಗಳ ಪೂರ್ತಿ ತಲೆಯನ್ನು ಮತ್ತೆ ಕಟ್ಟಿಕೊಳ್ಳಲು ಅದಕ್ಕೆ ಎಷ್ಟು ಕಾಲ ಬೇಕೆಂದು ನೀವೇ ಲೆಕ್ಕ ಹಾಕಿರಿ.

ಹುಳುವಿನ ಜೀವನ ಚರಿತ್ರೆ

ಶತ್ರುವನ್ನು ಗೆಲ್ಲಲು ಅವನ ದಿನಚರಿ ತಿಳಿದಿರಬೇಕು. ಬೂದು ಬಣ್ಣದ ಸಣ್ಣ ಪತಂಗ ರಾತ್ರಿಯ ಹೊತ್ತು ಹಳೆಯ ಗರಿಗಳ ಅಡಿಯಲ್ಲಿ, ಹಳೆಯ ಗೂಡುಗಳ ಬಳಿ ಗುಂಪು ಗುಂಪಾಗಿ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ಪತಂಗ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಸುಮಾರು ಐದು ದಿನದಲ್ಲಿ ಮೊಟ್ಟೆ ಒಡೆದು ಮರಿಹುಳು ಹೊರಬರುತ್ತದೆ. ಹಸಿರು ಮಿಶ್ರಿತ ಕಂದು ಮೈ, ಮೈಮೇಲೆ ಕಂದು ಪಟ್ಟೆಗಳು, ಕಡುಗಪ್ಪು ಕಂದು ತಲೆ - ಇದೇ ಅದರ ಗುರುತು. ಸುಮಾರು 40 ದಿನ ತಿಂದು ಬೆಳೆದು, ಗೂಡಿನೊಳಗೆ ರೇಷ್ಮೆಯಂಥ ನೂಲಿನಲ್ಲಿ ಸುತ್ತಿಕೊಂಡು ಕೋಶವಾಗುತ್ತದೆ. ಸುಮಾರು 12 ದಿನಗಳ ನಂತರ ಮತ್ತೆ ಪತಂಗ. ಒಟ್ಟಿನಲ್ಲಿ ಒಂದು ಪೀಳಿಗೆಗೆ ಎರಡು ತಿಂಗಳು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಭಾಗದ ಬಾಧಿತ ತೋಟಗಳಲ್ಲಿ ಹುಳುಗಳೆಲ್ಲ ಹೆಚ್ಚು ಕಡಿಮೆ ಒಂದೇ ಪ್ರಾಯದವಾಗಿರುತ್ತವೆ. ಒಂದು ಕಾಲಕ್ಕೆ ತೋಟದ ತುಂಬ ಮರಿಹುಳುಗಳು, ಇನ್ನೊಂದು ಕಾಲಕ್ಕೆ ಬಲಿತ ಹುಳುಗಳು, ಮತ್ತೊಂದು ಕಾಲಕ್ಕೆ ಬರೀ ಕೋಶ ಮತ್ತು ಪತಂಗಗಳು. ಕಣಜ ಬಿಡುವ ಸಮಯವನ್ನು ನಿರ್ಧರಿಸುವಾಗ ಇದೇ ಮುಖ್ಯ ಸೂತ್ರ. ಮುಂದೆ ಅದರ ವಿವರ ಬರುತ್ತದೆ.

ಶತ್ರುವಿನ ಶತ್ರು

ಹುಳು ಗೂಡಿನೊಳಗೆ ಅವಿತಿರುವುದರಿಂದ ಸಿಂಪಡಿಸಿದ ಔಷಧಿ ಅದಕ್ಕೆ ತಾಗುವುದು ಕಡಿಮೆ. ನಲವತ್ತು ಅಡಿ ಎತ್ತರಕ್ಕೆ ಔಷಧಿ ಹೊಡೆಯುವುದೂ ಸುಲಭವಲ್ಲ. ಆದರೆ ಗೂಡಿನ ಬಾಯಿಯಿಂದ ಒಳನುಗ್ಗಿ ಹುಳುವನ್ನು ಹುಡುಕಿ ಹಿಡಿಯುವ ಜೀವಿಗಳು ಪ್ರಕೃತಿಯಲ್ಲೇ ಇವೆ. ಅವೇ ಪರೋಪಜೀವಿ ಕಣಜಗಳು. ನಮಗೆ ಉಪಯೋಗಕ್ಕೆ ಬರುವ ಮುಖ್ಯವಾದವು ಇವು:

1. ಗೋನಿಯೋಜಸ್ ನೆಫಾಂಟಿಡಿಸ್ - ಬೆಳೆದ ಹುಳುಗಳ ಮೇಲೆ.
2. ಬ್ರಾಕಾನ್ ಬ್ರೆವಿಕಾರ್ನಿಸ್ - ಹುಳುಗಳ ಮೇಲೆ.
3. ಎಲಾಸ್ಮಸ್ ನೆಫಾಂಟಿಡಿಸ್ - ಕೋಶವಾಗಲು ಸಿದ್ಧವಾದ ಹುಳುಗಳ ಮೇಲೆ.
4. ಬ್ರಾಕಿಮೇರಿಯ ನೊಸಟೋಯಿ - ಕೋಶಗಳ ಮೇಲೆ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೊದಲನೆಯದು. ಇದು ಮೂರು ನಾಲ್ಕು ಮಿಲಿಮೀಟರ್ ಉದ್ದದ ಕಪ್ಪು ಕೀಟ. ನೋಡಲು ರೆಕ್ಕೆ ಬಂದ ಸಣ್ಣ ಕಪ್ಪಿರುವೆಯಂತೆ ಇರುತ್ತದೆ. ಇರುವೆಯೆಂದು ತಿಳಿದು ಉಜ್ಜಿಹಾಕದಂತೆ ಮನೆಯವರಿಗೂ ಆಳುಗಳಿಗೂ ತೋರಿಸಿಡಿ.

ಈ ಕಣಜದ ಕೆಲಸ ಬೆರಗು ಹುಟ್ಟಿಸುವಂಥದ್ದು. ಹೆಣ್ಣು ಕಣಜ ಹುಳುವಿನ ಹಿಕ್ಕೆಯ ವಾಸನೆ ಹಿಡಿದು ಗೂಡನ್ನು ಪತ್ತೆ ಮಾಡುತ್ತದೆ. ಒಳನುಗ್ಗಿ ತನಗಿಂತ ಎಷ್ಟೋ ದೊಡ್ಡದಾದ ಹುಳುವಿಗೆ ಕೊಂಡಿಯಿಂದ ಚುಚ್ಚಿ ಅದನ್ನು ಮರಗಟ್ಟಿಸುತ್ತದೆ. ಹುಳು ಆ ಕ್ಷಣದಿಂದ ಅಲುಗಾಡದು, ಎಲೆ ತಿನ್ನದು. ಆದರೆ ಕೊಳೆಯುವುದೂ ಇಲ್ಲ. ಬಳಿಕ ಕಣಜ ಅದರ ಮೈಮೇಲೆ ಸಣ್ಣ ಮೊಟ್ಟೆಗಳನ್ನು ಅಂಟಿಸುತ್ತದೆ. ಹುಳು ದೊಡ್ಡದಿದ್ದಷ್ಟೂ ಮೊಟ್ಟೆಗಳ ಸಂಖ್ಯೆ ಹೆಚ್ಚು. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಬಂದ ಮರಿಗಳು ಹುಳುವಿನ ರಸವನ್ನು ಹೊರಗಿನಿಂದಲೇ ಹೀರಿ ಬೆಳೆಯುತ್ತವೆ. ಕೋಳಿ ಮರಿಗಳನ್ನು ಕಾಯುವಂತೆ ತಾಯಿ ಕಣಜವು ಮರಿಗಳು ಗೂಡು ಕಟ್ಟಿಕೊಳ್ಳುವವರೆಗೂ ಅಲ್ಲೇ ಕಾವಲು ನಿಲ್ಲುತ್ತದೆ. ಕೀಟ ಪ್ರಪಂಚದಲ್ಲಿ ಇಂಥ ತಾಯ್ತನ ಅಪರೂಪ.

ಮೊಟ್ಟೆಯಿಂದ ಹೊಸ ಕಣಜ ಹೊರಬರಲು ಸುಮಾರು ಎರಡು ವಾರ ಸಾಕು. ಅಂದರೆ ಹುಳುವಿನ ಒಂದು ಪೀಳಿಗೆ ಮುಗಿಯುವುದರೊಳಗೆ ಕಣಜದ ಹಲವು ಪೀಳಿಗೆ ಮುಗಿಯುತ್ತದೆ. ಹುಟ್ಟುವ ಕಣಜಗಳಲ್ಲಿ ಹೆಣ್ಣುಗಳೇ ಹೆಚ್ಚು. ಇದೇ ನಮ್ಮ ಬಲ.

ಈ ಉಪಾಯ ಹೊಸದೇನೂ ಅಲ್ಲ. ಈ ಹುಳುವಿನ ಮೇಲೆ ಪರೋಪಜೀವಿಗಳನ್ನು ಪ್ರಯೋಗಿಸುವ ಕೆಲಸ ದಕ್ಷಿಣ ಭಾರತದಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ನಡೆದಿದೆ. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ಹತೋಟಿ ಸಂಸ್ಥೆಯ ಭಾರತೀಯ ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಇಂದು ಅದೇ ಊರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಕೆಲಸ ಮಾಡುತ್ತಿದೆ. ಹೊರದೇಶಗಳಲ್ಲೂ ಈ ವಿಧಾನ ಬಳಕೆಯಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಲ್ಲಿ ಕಾಯಿಯ ಒಳಗೆ ಸೇರುವ ಹುಳುವಿನ ಮೇಲೆ ಬಿಟ್ಟದ್ದು ನಮ್ಮ ಗೋನಿಯೋಜಸ್‌ನ ಹತ್ತಿರದ ಬಂಧು, ಗೋನಿಯೋಜಸ್ ಲೆಗ್ನೆರಿ. ಅಲ್ಲಿಯೂ ಹುಳು ಮರೆಯಲ್ಲಿ ಅವಿತಿರುತ್ತದೆ, ಔಷಧಿ ತಲುಪದ ಜಾಗಕ್ಕೆ ಕಣಜ ತಲುಪುತ್ತದೆ.

ಕಣಜ ಸಿಗುವುದೆಲ್ಲಿ?

ತೆಂಗು ಬೆಳೆಯುವ ಜಿಲ್ಲೆಗಳಲ್ಲಿ ತೋಟಗಾರಿಕೆ ಇಲಾಖೆಯು ಪರೋಪಜೀವಿ ಉತ್ಪಾದನಾ ಪ್ರಯೋಗಾಲಯಗಳನ್ನು ನಡೆಸುತ್ತದೆ. ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿರಿ. ಮೈಸೂರು ಜಿಲ್ಲೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೂ ಸಲಹೆ ಪಡೆಯಬಹುದು.

ಪ್ರಯೋಗಾಲಯದಲ್ಲಿ ಕಣಜ ಬೆಳೆಸುವ ರೀತಿ ಸರಳ. ಮುರಿದ ಜೋಳ ಅಥವಾ ಸಜ್ಜೆಯ ನುಚ್ಚಿನಲ್ಲಿ ಅಕ್ಕಿ ಪತಂಗದ ಹುಳುಗಳನ್ನು ಬೆಳೆಸುತ್ತಾರೆ. ಗಾಜಿನ ನಳಿಕೆಯಲ್ಲಿ ಆ ಹುಳುವನ್ನೂ ಹೆಣ್ಣು ಕಣಜವನ್ನೂ ಇಟ್ಟು, ಹತ್ತಿಯಲ್ಲಿ ಅದ್ದಿದ ಜೇನನ್ನು ಕಣಜಕ್ಕೆ ಆಹಾರವಾಗಿ ಕೊಡುತ್ತಾರೆ. ನಿಮ್ಮ ಊರಿನ ಯುವಕರು ಅಥವಾ ಸ್ತ್ರೀಶಕ್ತಿ ಸಂಘದವರು ತರಬೇತಿ ಪಡೆದು ಇದನ್ನು ಗ್ರಾಮದಲ್ಲೇ ಮಾಡಬಹುದು. ಬೇಡಿಕೆ ಬರುವುದು ಬೇಸಿಗೆಯಲ್ಲಿ ಎಲ್ಲರಿಗೂ ಒಟ್ಟಿಗೇ. ಆದ್ದರಿಂದ ಹುಳು ಕಂಡ ಕೂಡಲೆ ಪ್ರಯೋಗಾಲಯಕ್ಕೆ ನಿಮ್ಮ ಮರಗಳ ಸಂಖ್ಯೆ ತಿಳಿಸಿ ಹೆಸರು ಬರೆಸುವುದು ಜಾಣತನ. ತೋಟ ಒಣಗಿದ ಮೇಲೆ ಹೋಗಿ ಕೇಳಿದರೆ ನಳಿಕೆ ಖಾಲಿಯಾಗಿರುತ್ತದೆ.

ಬಿಡುವ ಮೊದಲು

ಮೊದಲು ತೋಟವನ್ನು ಪರೀಕ್ಷಿಸಿರಿ. ಬೇರೆ ಬೇರೆ ಮೂಲೆಗಳಿಂದ ಎಕರೆಗೆ ಐದಾರು ಮರಗಳನ್ನು ಆರಿಸಿ, ಪ್ರತಿ ಮರದಿಂದ ಬಾಧಿತ ಗರಿಯ ಕೆಲವು ಎಲೆಗಳನ್ನು ಕೀಳಿಸಿ, ಗೂಡು ಬಿಡಿಸಿ ಒಳಗಿರುವುದನ್ನು ಎಣಿಸಿರಿ. ಖಾಲಿ ಗೂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೆಯ ಗೂಡುಗಳು ತಿಂಗಳುಗಟ್ಟಲೆ ಹಾಗೆಯೇ ಅಂಟಿಕೊಂಡಿರುತ್ತವೆ. ಜೀವಂತ ಹುಳು ಎಷ್ಟು, ಅವುಗಳ ಗಾತ್ರವೇನು, ಕೋಶ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಳ್ಳಿ.

ಕಂಡದ್ದರ ಮೇಲೆ ನಿರ್ಧಾರ ಹೀಗಿರಲಿ:

* ಬಹುಪಾಲು ಕೂದಲೆಳೆಯಂಥ ಮರಿಗಳೇ ಇದ್ದರೆ ಕೆಲವು ದಿನ ಕಾಯಿರಿ; ಈ ನಡುವೆ ಕಣಜಕ್ಕೆ ಹೆಸರು ಬರೆಸಿ.
* ಹುಳುಗಳು ಬೆಳೆಯುತ್ತಿದ್ದರೆ, ಅಂದರೆ ಎರಡು ಮೂರು ಬಾರಿ ಪೊರೆ ಕಳಚಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತಿದ್ದರೆ, ಗೋನಿಯೋಜಸ್ ಬಿಡಲು ಇದೇ ಹದ.
* ಬರೀ ಕೋಶಗಳಿದ್ದರೆ ಗೋನಿಯೋಜಸ್ ಬಿಡುವುದು ವ್ಯರ್ಥ. ಕೋಶಗಳ ಮೇಲೆ ಬೀಳುವ ಬ್ರಾಕಿಮೇರಿಯ ಸಿಗುವುದಾದರೆ ಅದನ್ನು ಬಿಡಿ. ಇಲ್ಲವಾದರೆ ಮುಂದಿನ ಪೀಳಿಗೆಯ ಹುಳು ಬೆಳೆಯುವವರೆಗೆ ತಡೆಯಿರಿ.

ಹಸಿವಾದ ಹಸುವಿಗೆ ಖಾಲಿ ಗೋದಲಿ ತೋರಿಸಿದರೆ ಏನು ಫಲ? ತಿನ್ನಲು ಹುಳುವಿಲ್ಲದ ತೋಟಕ್ಕೆ ಬಿಟ್ಟ ಕಣಜದ ಗತಿಯೂ ಅಷ್ಟೆ. ಕಣಜ ಬಿಟ್ಟೂ ಪ್ರಯೋಜನವಾಗಲಿಲ್ಲ ಎಂದು ದೂರುವ ತೋಟಗಳಲ್ಲಿ ಮೊದಲು ವಿಚಾರಿಸಬೇಕಾದದ್ದು, ಬಿಟ್ಟ ದಿನ ಗೂಡಿನೊಳಗೆ ಏನಿತ್ತು ಎಂಬುದನ್ನು.

ಬಿಡುವ ಪ್ರಮಾಣ ಮತ್ತು ಕ್ರಮ

ಗೋನಿಯೋಜಸ್ ಕಣಜವನ್ನು ಹೆಕ್ಟೇರಿಗೆ ಸುಮಾರು 3000ದಂತೆ ಬಿಡಬೇಕು. ಹೆಕ್ಟೇರಿಗೆ 175 ಮರಗಳಿರುವ ತೋಟದಲ್ಲಿ ಇದು ಮರವೊಂದಕ್ಕೆ ಸುಮಾರು 17 ಆಗುತ್ತದೆ. ಬಾಧೆಯ ತೀವ್ರತೆಯನ್ನು ಅನುಸರಿಸಿ ಮರಕ್ಕೆ 10 ರಿಂದ 20ರವರೆಗೆ ಬಿಡಬಹುದು. ಹದಿನೈದು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಬಿಡುವುದು ಅಗತ್ಯ. ನೂರು ಮರಗಳ ತೋಟಕ್ಕೆ ಒಂದು ಸಲಕ್ಕೆ 1700, ನಾಲ್ಕು ಸಲಕ್ಕೆ 6800 ಕಣಜ ಬೇಕಾಗುತ್ತದೆ. ಪ್ರಯೋಗಾಲಯಕ್ಕೆ ಬೇಡಿಕೆ ಸಲ್ಲಿಸುವಾಗ ಈ ಲೆಕ್ಕವನ್ನು ಮುಂದಿಡಿ.

ಬಿಡುವಾಗ ಪಾಲಿಸಬೇಕಾದ ಅಂಶಗಳು:

1. ಕಣಜಗಳಿಗೆ ಜೇನು ಉಣಿಸಿದ್ದಾರೆಯೆ ಎಂದು ಕೇಳಿ ತಿಳಿಯಿರಿ. ಹೊಟ್ಟೆ ತುಂಬಿದ ಕಣಜ ಹೆಚ್ಚು ದಿನ ಬದುಕಿ ಹೆಚ್ಚು ದೂರ ಹುಡುಕುತ್ತದೆ.
2. ನಿಮ್ಮದೇ ತೋಟದ ಹುಳುವಿನ ಗೂಡಿನ ಚೂರು, ಹಿಕ್ಕೆಯನ್ನು ಸ್ವಲ್ಪ ತೆಗೆದುಕೊಂಡು ಹೋಗಿ ನಳಿಕೆಯೊಳಗೆ ಕೆಲಕಾಲ ಇರಿಸಿದರೆ ಕಣಜಕ್ಕೆ ಆ ವಾಸನೆ ಪರಿಚಯವಾಗಿ ಹುಳುವನ್ನು ಬೇಗ ಪತ್ತೆ ಮಾಡುತ್ತದೆ. ನಾಯಿಗೆ ವಾಸನೆ ತೋರಿಸಿ ಬಿಟ್ಟಂತೆ ಇದು.
3. ನಳಿಕೆಗಳನ್ನು ಬಿಸಿಲಿಗೆ ಒಡ್ಡಬೇಡಿ. ಒದ್ದೆ ಬಟ್ಟೆ ಸುತ್ತಿದ ಬುಟ್ಟಿಯಲ್ಲಿ ತನ್ನಿ. ಕೀಟನಾಶಕದ ಡಬ್ಬಿ ಇಟ್ಟ ಚೀಲದಲ್ಲಿ ಎಂದೂ ತರಬೇಡಿ.
4. ಬೆಳಗಿನ ತಂಪಿನಲ್ಲಿ ಅಥವಾ ಸಂಜೆ ಬಿಡಿ. ಮಳೆ ಬರುವಂತಿದ್ದರೆ ಮರುದಿನಕ್ಕೆ ಇಟ್ಟುಕೊಳ್ಳಿ.
5. ಮರದ ತಲೆಗೆ ಹತ್ತಿ ಸುಳಿಯ ಬಳಿ ಬಿಡಬೇಡಿ. ಅಲ್ಲಿ ಜೇಡ ಮತ್ತು ಇತರ ಬೇಟೆಗಾರ ಕೀಟಗಳು ಕಣಜವನ್ನು ಹಿಡಿದು ತಿನ್ನುತ್ತವೆ. ಮರದ ಬುಡದ ಬಳಿ, ಕಾಂಡಕ್ಕೆ ನಳಿಕೆಯ ಬಾಯಿ ತಾಗಿಸಿ, ನಿಧಾನವಾಗಿ ಬಿಡಿ. ಅವು ತಾವೇ ಮೇಲೇರುತ್ತವೆ. ಮರ ಹತ್ತುವ ಆಳು ಸಿಗದ ಈ ಕಾಲದಲ್ಲಿ ಇದೊಂದು ದೊಡ್ಡ ಅನುಕೂಲ.
6. ಕಾಂಡದ ಮೇಲೆ ಇರುವೆಯ ಸಾಲು ಇದ್ದ ಜಾಗದಲ್ಲಿ ಬಿಡಬೇಡಿ.
7. ಹತ್ತಿರ ಹತ್ತಿರದ ಮರಗಳಿಗೆಲ್ಲ ಹಂಚಿ ಬಿಡಿ. ಒಂದೇ ಮರದ ಬುಡದಲ್ಲಿ ಪೂರ್ತಿ ಸುರಿದು ಬರಬೇಡಿ.

ಬಿಟ್ಟ ಹತ್ತು ದಿನಗಳ ನಂತರ ಕೆಲವು ಗೂಡುಗಳನ್ನು ಬಿಡಿಸಿ ನೋಡಿರಿ. ಸಪ್ಪಗಾದ, ಅಲುಗಾಡದ ಹುಳು; ಅದರ ಮೈಮೇಲೆ ಅಕ್ಕಿ ನುಚ್ಚಿನಂಥ ಮರಿಗಳು; ಅಥವಾ ಪಕ್ಕದಲ್ಲಿ ಒತ್ತೊತ್ತಾಗಿ ಕಟ್ಟಿದ ಸಣ್ಣ ಕಂದು ಗೂಡುಗಳು; ಕೆಲವೊಮ್ಮೆ ಅಲ್ಲೇ ನಿಂತ ತಾಯಿ ಕಣಜ - ಇವು ಕಂಡರೆ ಕೆಲಸ ಆರಂಭವಾಗಿದೆಯೆಂದು ತಿಳಿಯಿರಿ. ಇಂಥ ಎಲೆಗಳನ್ನು ಸುಡದೆ ತೋಟದಲ್ಲೇ ನೆರಳಿನಲ್ಲಿ ಮರಕ್ಕೆ ಕಟ್ಟಿ.

ವಿಷ ಮತ್ತು ಕಣಜ ಒಟ್ಟಿಗೆ ಸಲ್ಲ

ಕಣಜವನ್ನು ಬಿಟ್ಟು ಎಲೆಗೆ ವಿಷ ಸಿಂಪಡಿಸುವುದು, ಕಾವಲುಗಾರನನ್ನು ನೇಮಿಸಿ ಅವನಿಗೇ ಹೊಡೆದಂತೆ. ಹುಳು ಗೂಡಿನೊಳಗೆ ಬದುಕುತ್ತದೆ, ಹೊರಗೆ ತಿರುಗುವ ಕಣಜ ಸಾಯುತ್ತದೆ. ಹಿಪ್ಪುನೇರಳೆ ತೋಟ ಪಕ್ಕದಲ್ಲಿದ್ದರೆ ಗಾಳಿಯಲ್ಲಿ ತೇಲಿದ ವಿಷದಿಂದ ರೇಷ್ಮೆ ಹುಳುವೂ ಸಾಯುತ್ತದೆ.

ಹಿಂದೆ ಬೇರಿನ ಮೂಲಕ ಮೊನೊಕ್ರೋಟೊಫಾಸ್ ಉಣಿಸುವ ಪದ್ಧತಿ ಹಳ್ಳಿ ಹಳ್ಳಿಯಲ್ಲೂ ಇತ್ತು. ಅದು ಅತಿ ಘೋರ ವಿಷ. 2023ರ ಆದೇಶದಿಂದ ಕೇಂದ್ರ ಸರ್ಕಾರ ಅದರ 36 ಎಸ್.ಎಲ್. ರೂಪಕ್ಕೆ ಅಂತ್ಯ ಹಾಡಿದೆ. ಮನೆಯ ಅಟ್ಟದಲ್ಲಿ ಹಳೆಯ ಶೀಷೆ ಉಳಿದಿದ್ದರೆ ಅದನ್ನು ಬಳಸಬೇಡಿ, ಬಳಸಲು ಇತರರಿಗೆ ಕೊಡಲೂಬೇಡಿ. ಎಳನೀರು ಕುಡಿಯುವವರು ನಮ್ಮ ಮಕ್ಕಳೇ ಎಂಬುದನ್ನು ಮರೆಯಬಾರದು. ಬಾಧೆ ಕೈಮೀರಿದೆ ಎನ್ನಿಸಿದರೆ ಬೇವಿನ ಮೂಲದ ಔಷಧಿಯನ್ನು ಬೇರಿನ ಮೂಲಕ ಕೊಡುವ ಬಗ್ಗೆ ತೋಟಗಾರಿಕೆ ಅಧಿಕಾರಿಯ ಸಲಹೆ ಪಡೆಯಿರಿ.

ಕಣಜದ ಜೊತೆಗೆ ಮಾಡಬೇಕಾದ ಕೆಲಸಗಳು

ಕಣಜ ಬಿಡುವ ಮುಂಚೆಯೇ ಪೂರ್ತಿ ಒಣಗಿದ, ಹುಳು ತುಂಬಿದ ಹೊರಗಿನ ಎರಡು ಮೂರು ಗರಿಗಳನ್ನು ಕಡಿದು ಸುಡಿ. ಇದಕ್ಕಿಂತ ಹೆಚ್ಚು ಕಡಿಯಬೇಡಿ. ಅರ್ಧ ಹಸಿರಿರುವ ಗರಿಯೂ ಮರಕ್ಕೆ ಅನ್ನ ಕೊಡುತ್ತಿರುತ್ತದೆ. ಬಾಧಿತ ಸೋಗೆಯನ್ನು ಗಾಡಿಯಲ್ಲಿ ಹೇರಿ ಬೇರೆ ಊರಿಗೆ ಸಾಗಿಸಬೇಡಿ, ಬೇರೆ ಕಡೆಯಿಂದ ಚಪ್ಪರಕ್ಕೆಂದು ತರಬೇಡಿ. ಹುಳು ಒಂದು ಹೋಬಳಿಯಿಂದ ಇನ್ನೊಂದಕ್ಕೆ ಹೋಗಲು ಇದೂ ಒಂದು ದಾರಿ.

ಸೊರಗಿದ ಮರಕ್ಕೆ ಪೋಷಣೆ ಬೇಕು. ಫಸಲು ಬಿಡುವ ಮರವೊಂದಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ, 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಅನ್ನು ಎರಡು ಕಂತಿನಲ್ಲಿ ಕೊಡಬೇಕು. ಬುಡಕ್ಕೆ ಗರಿ, ಮಟ್ಟೆಯ ಹೊದಿಕೆ ಹಾಕಿ ತೇವ ಉಳಿಸಿ. ಕಣಜ ಹುಳುವನ್ನು ಕೊಲ್ಲುತ್ತದೆಯೇ ಹೊರತು ಕಳೆದುಹೋದ ಗರಿಯನ್ನು ತಂದುಕೊಡಲಾರದು. ಅದನ್ನು ಕೊಡುವುದು ನೀರು ಮತ್ತು ಗೊಬ್ಬರ.

ಊರ ಮಂದಿ ಒಟ್ಟಾಗಬೇಕು

ಪತಂಗಕ್ಕೆ ಬೇಲಿಯಿಲ್ಲ. ನೀವೊಬ್ಬರೇ ಬಿಟ್ಟು ಪಕ್ಕದ ತೋಟದವರು ಸುಮ್ಮನಿದ್ದರೆ ಅಲ್ಲಿ ಹುಟ್ಟಿದ ಪತಂಗ ನಿಮ್ಮ ಮರಕ್ಕೇ ಬರುತ್ತದೆ. ಅವರು ವಿಷ ಸಿಂಪಡಿಸಿದರೆ ನಿಮ್ಮ ಕಣಜವೂ ಸಾಯುತ್ತದೆ. ಆದ್ದರಿಂದ ಈ ಕೆಲಸ ಒಂದು ಸರ್ವೆ ನಂಬರಿನದಲ್ಲ, ಒಂದು ಬಯಲಿನದು. ಹಾಲಿನ ಸೊಸೈಟಿಯ ಬಳಿ ದಿನವೂ ಸೇರುವ ನೀವೇ ಒಂದು ಸಂಜೆ ಕುಳಿತು, ಯಾರ ತೋಟದಲ್ಲಿ ಎಷ್ಟು ಮರ, ಎಲ್ಲಿ ಹುಳು ಇದೆ ಎಂಬ ಪಟ್ಟಿ ಮಾಡಿ ಒಂದೇ ಅರ್ಜಿ ಸಲ್ಲಿಸಿರಿ. ಒಂದೇ ದಿನ ಎಲ್ಲರೂ ಬಿಡಿ. ಕೆರೆಯ ಹೂಳೆತ್ತಲು ಒಟ್ಟಾಗುವ ನಮ್ಮ ಹಳ್ಳಿಗಳಿಗೆ ಇದು ಹೊಸ ಪಾಠವೇನಲ್ಲ.

ಈ ಮಾತು ಪಟ್ಟಣದವರಿಗೂ ಸಲ್ಲುತ್ತದೆ. ನಾನು ವಾಸಿಸುವ ಮೈಸೂರಿನ ಗೋಕುಲಂನಲ್ಲಿ ಮನೆಯಂಗಳದಲ್ಲೂ ಹಿತ್ತಲಲ್ಲೂ ಒಂದೆರಡು ತೆಂಗಿನ ಮರ ಇರುವುದು ಸಾಮಾನ್ಯ. ಅವುಗಳ ಗರಿಯನ್ನು ತಿರುಗಿಸಿ ನೋಡುವವರು ಕಡಿಮೆ. ಊರಂಚಿನ ತೋಟಗಳಿಗೂ ಇಂಥ ಹಿತ್ತಲ ಮರಗಳಿಗೂ ನಡುವೆ ಪತಂಗ ಹಾರಿ ಬಾರದಷ್ಟು ಅಂತರವೇನೂ ಇಲ್ಲ. ನಿಮ್ಮ ಮಕ್ಕಳು, ನೆಂಟರು ಪಟ್ಟಣದಲ್ಲಿದ್ದರೆ ಅವರಿಗೂ ಈ ಹುಳುವಿನ ಗುರುತು ಹೇಳಿಕೊಡಿ.

ಬಿಳಿನೊಣಕ್ಕೂ ಒಂದು ಕಣಜ

ಈಚಿನ ವರ್ಷಗಳಲ್ಲಿ ತೆಂಗಿಗೆ ಮತ್ತೊಂದು ಪೀಡೆ ಬಂದಿದೆ. ಅದು ಸುರುಳಿಯಾಕಾರದಲ್ಲಿ ಮೊಟ್ಟೆ ಇಡುವ ರುಗೋಸ್ ಬಿಳಿನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಭಾಗದಲ್ಲಿ ಮೊದಲು ಕಾಣಿಸಿಕೊಂಡು ಬೇಗನೆ ಕೇರಳ, ಕರ್ನಾಟಕಗಳಿಗೆ ಹಬ್ಬಿತು. ಎಲೆಯಡಿಯಲ್ಲಿ ಬಿಳಿ ಮೇಣದ ಪುಡಿ, ಮೇಲ್ಭಾಗದಲ್ಲಿ ಅಂಟು, ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಇದರ ಗುರುತು. ಗೋಕುಲಂನ ಬೀದಿಗಳಲ್ಲಿ ತೆಂಗಿನ ನೆರಳಲ್ಲಿ ನಿಲ್ಲಿಸಿದ ವಾಹನದ ಮೇಲೆ ಅಂಟು ಹನಿದಿರುವುದನ್ನು ನಾನೇ ಕಂಡಿದ್ದೇನೆ.

ಇದಕ್ಕೆ ಗಾಬರಿಗೊಂಡು ವಿಷ ಸಿಂಪಡಿಸಬಾರದು. ಈ ನೊಣದ ಮರಿಗಳೊಳಗೆ ಮೊಟ್ಟೆ ಇಡುವ ಎನ್ಕಾರ್ಸಿಯ ಗ್ವಾಡೆಲೂಪೆ ಎಂಬ ಅತಿ ಸಣ್ಣ ಕಣಜ ನಮ್ಮ ತೋಟಗಳಲ್ಲೇ ನೆಲೆಸಿದೆ. ಭೂತಗನ್ನಡಿಯಲ್ಲಿ ನೋಡಿದರೆ, ಬಿಳಿನೊಣ ಹೊರಬಂದ ಚಿಪ್ಪು ಸೀಳಿದಂತೆಯೂ, ಕಣಜ ಹೊರಬಂದ ಚಿಪ್ಪಿನಲ್ಲಿ ಗುಂಡನೆಯ ರಂಧ್ರವೂ ಕಾಣುತ್ತದೆ. ಗುಂಡು ರಂಧ್ರಗಳು ಹೆಚ್ಚಾಗಿದ್ದರೆ ಕಣಜ ಗೆಲ್ಲುತ್ತಿದೆ ಎಂದರ್ಥ. ಅಂಥ ಎಲೆಯ ತುಂಡುಗಳನ್ನು ಹೊಸದಾಗಿ ಬಾಧೆ ಬಂದ ತೋಟದಲ್ಲಿ ಕಟ್ಟಬಹುದು. ಕಪ್ಪು ಬೂಷ್ಟು ಹೆಚ್ಚಿದ್ದರೆ ಶೇಕಡಾ 1ರ ಗಂಜಿಯ ದ್ರಾವಣ ಸಿಂಪಡಿಸಿದರೆ ಅದು ಒಣಗಿ ಬೂಷ್ಟಿನೊಡನೆ ಉದುರುತ್ತದೆ.

ಆದರೆ ಎಲ್ಲ ಪೀಡೆಗೂ ಕಣಜವೇ ಮದ್ದು ಎಂದು ತಿಳಿಯಬಾರದು. ರೈನಾಸರಸ್ ದುಂಬಿ, ಕೆಂಪು ಮೂತಿ ಹುಳುಗಳಿಗೆ ಗೊಬ್ಬರದ ಗುಂಡಿಯ ಸ್ವಚ್ಛತೆ, ಮೋಹಕ ಬಲೆ ಮುಂತಾದ ಬೇರೆ ಕ್ರಮಗಳೇ ಬೇಕು.

ಸಂಶಯ - ಸಮಾಧಾನ

ಕಣಜಗಳು ಜನರನ್ನು, ದನಕರುಗಳನ್ನು ಕಚ್ಚುವುದಿಲ್ಲವೆ?
ಇಲ್ಲ. ಇವು ಕಡಜದಂತೆ ಗೂಡು ಕಟ್ಟಿ ಮೇಲೆ ಬೀಳುವ ಜಾತಿಯಲ್ಲ. ಅವುಗಳ ಕೊಂಡಿ ಇರುವುದು ಹುಳುವಿಗಾಗಿ.

ಹುಳು ಮುಗಿದ ಮೇಲೆ ಇವು ಬೆಳೆಯನ್ನು ತಿನ್ನುವುದಿಲ್ಲವೆ?
ಇಲ್ಲ. ಇವುಗಳ ಮರಿಗೆ ಹುಳುವೇ ಆಹಾರ. ಹುಳು ಕಡಿಮೆಯಾದಂತೆ ಕಣಜವೂ ಕಡಿಮೆಯಾಗುತ್ತದೆ.

ರೇಷ್ಮೆ ಹುಳುವಿಗೆ ಅಪಾಯವಿಲ್ಲವೆ?
ಗೋನಿಯೋಜಸ್ ರೇಷ್ಮೆ ಹುಳುವಿನ ಶತ್ರುವಲ್ಲ. 1980ರಲ್ಲಿ ನಮ್ಮ ರಾಜ್ಯಕ್ಕೆ ಊಜಿ ನೊಣ ಬಂದ ನಂತರ, ಅದನ್ನು ಹತ್ತಿಕ್ಕಲು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯು ಬಳಕೆಗೆ ತಂದ ನೆಸೊಲಿಂಕ್ಸ್ ಥೈಮಸ್ ಕೂಡ ಒಂದು ಪರೋಪಜೀವಿ ಕಣಜವೇ. ರೇಷ್ಮೆ ಬೆಳೆಗಾರರಿಗೆ ಕಣಜ ಹಳೆಯ ಗೆಳೆಯ.

ಒಮ್ಮೆ ಬಿಟ್ಟರೆ ಸಾಲದೆ?
ಸಾಲದು. ಹುಳುಗಳೆಲ್ಲ ಒಂದೇ ಪ್ರಾಯದವಾದ್ದರಿಂದ, ಅವು ಕೋಶ ಮತ್ತು ಪತಂಗವಾಗಿರುವ ದಿನಗಳಲ್ಲಿ ಕಣಜಕ್ಕೆ ಆಹಾರ ಸಿಗದೆ ಅದರ ಸಂಖ್ಯೆ ಕುಗ್ಗುತ್ತದೆ. ಮುಂದಿನ ಪೀಳಿಗೆಯ ಹುಳು ಬೆಳೆಯುವಾಗ ಮತ್ತೆ ಬಿಟ್ಟರೆ ಮಾತ್ರ ಸರಪಳಿ ತುಂಡಾಗುತ್ತದೆ.

ಬಿಟ್ಟ ಮೇಲೆ ಮರ ಯಾವಾಗ ಹಸಿರಾಗುತ್ತದೆ?
ಒಣಗಿದ ಎಲೆ ಮತ್ತೆ ಹಸಿರಾಗದು. ಹೊಸದಾಗಿ ಬಿರಿಯುವ ಗರಿಗಳು ಕಲೆಯಿಲ್ಲದೆ ಉಳಿಯುತ್ತಿವೆಯೆ ಎಂಬುದನ್ನು ನೋಡಿರಿ. ಅದೇ ಗೆಲುವಿನ ಗುರುತು.

ಕೊನೆಯ ಮಾತು

ಕಪ್ಪುತಲೆ ಹುಳುವಿನ ಹಾವಳಿ ಹೆಚ್ಚುವುದು ಜನವರಿಯಿಂದ ಮೇ ತಿಂಗಳವರೆಗಿನ ಒಣ ದಿನಗಳಲ್ಲಿ. ಮುಂಗಾರು ಹಿಡಿದ ಮೇಲೆ ತಾನಾಗಿ ತಗ್ಗುತ್ತದೆ. ಆದ್ದರಿಂದ ಸಂಕ್ರಾಂತಿಯ ಹೊತ್ತಿಗೆ, ಎಳ್ಳು ಬೆಲ್ಲ ಹಂಚುವ ಆ ವಾರದಲ್ಲೇ, ತೋಟದ ನಾಲ್ಕು ಮೂಲೆಯ ನಾಲ್ಕು ಗರಿ ಇಳಿಸಿ ತಿರುಗಿಸಿ ನೋಡುವ ಪದ್ಧತಿಯನ್ನು ಇಟ್ಟುಕೊಳ್ಳಿ. ಆಗ ಕಂಡ ಹತ್ತು ಹುಳುವಿಗೆ ಕೆಲವು ನಳಿಕೆ ಕಣಜ ಸಾಕು. ಯುಗಾದಿ ದಾಟಿ ತೋಟವೆಲ್ಲ ಕಂದಿದ ಮೇಲೆ ಎಷ್ಟು ಬಿಟ್ಟರೂ ಕಳೆದುಹೋದ ಗರಿ ಬಾರದು, ಅದರೊಡನೆ ಹೋದ ಮೂರು ವರ್ಷದ ಕಾಯಿಯೂ ಬಾರದು. ನೋಡುವುದಕ್ಕೆ ಖರ್ಚಿಲ್ಲ, ನೋಡದೆ ಇರುವುದಕ್ಕೆ ಮಾತ್ರ ಬಹಳ ಖರ್ಚಾಗುತ್ತದೆ.